ಏಕಾಂತಕ್ಕೆ ಹೊರಡುವ ಮುನ್ನ: ಪ್ರಕೃತಿಯ ನಡುವೆ ಬದುಕಿನ ಗುರಿ ಹುಡುಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಟ್ಟ, ಕಾಡಂಚು, ಹೊಳೆದಂಡೆ, ಹೀಗೆ ಎಲ್ಲೆಲ್ಲೋ ಒಬ್ಬನೇ ದಿನಗಟ್ಟಲೆ ಕೂತು ಬಂದವನು ನಾನು. ಹಾಗೆ ಕೂರಲು ಹೊರಟ ಬೇರೆಯವರಿಗೆ ದೂರದಲ್ಲಿದ್ದು ಕಾವಲು ಕಾದದ್ದೂ ಇದೆ. ಹೊರಡುವ ಹಿಂದಿನ ದಿನ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಕೆಲವಕ್ಕೆ ಉತ್ತರ ಎರಡು ಮಾತಿನಲ್ಲಿ ಮುಗಿಯುತ್ತದೆ. ಕೆಲವಕ್ಕೆ ನಾನೇ ವರ್ಷಗಟ್ಟಲೆ ತಡಕಾಡಿದ್ದೇನೆ, ಅಂಥ ಕಡೆ ಉದ್ದವಾಗಿಯೇ ಬರೆದಿದ್ದೇನೆ.

ಬದುಕಿನ ಗುರಿ ಅಂದರೆ ಏನು? ನಾನು ಮಾಡುವ ಕೆಲಸವೇ ಅದಲ್ಲವೇ?

ಕೆಲಸ ಅದರೊಳಗೆ ಬರಬಹುದು, ಬರದೆಯೂ ಇರಬಹುದು. ಗುರಿ ಎಂಬ ಮಾತೇ ನಮ್ಮನ್ನು ಕೊಂಚ ಅಡ್ಡದಾರಿಗೆ ಎಳೆಯುತ್ತದೆ. ಬಿಲ್ಲುಗಾರನ ಗುರಿ ಎದುರಿಗಿರುತ್ತದೆ, ಬಾಣ ತಾಗಿದರೆ ಅಲ್ಲಿಗೆ ಮುಗಿಯಿತು. ಪರೀಕ್ಷೆ ಪಾಸಾಗುವುದು, ಮನೆ ಕಟ್ಟುವುದು, ಬಡ್ತಿ ಸಿಗುವುದು ಇವೆಲ್ಲ ಆ ಬಗೆಯವು. ಅವೆಲ್ಲ ಕೈಗೂಡಿದ ಮೇಲೂ ನಡುರಾತ್ರಿ ಎಚ್ಚರವಾದಾಗ 'ಇಷ್ಟೇನಾ?' ಎಂದು ಕೇಳುವ ದನಿಯೊಂದಿರುತ್ತದಲ್ಲ, ಅದು ಕೇಳುತ್ತಿರುವುದು ಬೇರೇನನ್ನೋ. ನಮ್ಮ ಮಾತಿನಲ್ಲಿ ಅದಕ್ಕೆ ಹತ್ತಿರದ ಪದ ಸಾರ್ಥಕ್ಯ. ಏನು ಮಾಡುವಾಗ ಹುಟ್ಟಿದ್ದಕ್ಕೂ ಸಾರ್ಥಕ ಅನ್ನಿಸುತ್ತದೆ, ಯಾರೂ ಹೇಳದಿದ್ದರೂ ನನ್ನ ಗಮನ ಯಾವ ಕಡೆ ಹರಿಯುತ್ತದೆ, ನನ್ನಿಂದ ಯಾರಿಗೆ ಏನು ಬೇಕಾಗಿದೆ, ಈ ಮೂರೂ ಕೂಡುವ ಜಾಗವನ್ನು ನಾನು ಗುರಿ ಅಂತ ಕರೆಯುತ್ತೇನೆ.

ನಾಜಿ ಸೆರೆಶಿಬಿರಗಳಿಂದ ಬದುಕಿ ಬಂದ ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ ಈ ಪ್ರಶ್ನೆಯನ್ನೇ ತಿರುಗಿಸಿ ಹಾಕಿದರು. ಬದುಕಿನ ಅರ್ಥವೇನೆಂದು ನಾವು ಕೇಳುತ್ತ ಕೂರುವುದಲ್ಲ, ಬದುಕೇ ದಿನದಿನವೂ ನಮ್ಮನ್ನು ಕೇಳುತ್ತಿದೆ, ಉತ್ತರ ಕೊಡಬೇಕಾದವರು ನಾವು ಎಂಬುದು ಅವರ ನಿಲುವು. ಏಕಾಂತಕ್ಕೆ ಹೋಗುವುದು ಆ ಪ್ರಶ್ನೆ ನಮ್ಮ ಕಿವಿಗೆ ಬೀಳಲಿ ಅಂತ.

ಅದಕ್ಕೆ ಕಾಡೇ ಯಾಕೆ? ಮನೆಯಲ್ಲೇ ಕೂತು ಯೋಚಿಸಿದರೆ ಆಗದೇ?

ಮನೆಯಲ್ಲಿ ಪ್ರತಿಯೊಂದು ವಸ್ತುವೂ ನಿಮ್ಮ ಹೆಸರು ಹಿಡಿದು ಕರೆಯುತ್ತದೆ. ಮಡಿಚದ ಬಟ್ಟೆ, ಕಟ್ಟಬೇಕಾದ ಬಿಲ್ಲು, ಮೂಲೆಯಲ್ಲಿ ಮಿಣುಗುವ ಫೋನು. ಅಲ್ಲಿ ನೀವು ಯಾರದೋ ಮಗ, ಯಾರದೋ ಅಮ್ಮ, ಯಾವುದೋ ಕಚೇರಿಯ ನೌಕರ. ಆ ಪಾತ್ರಗಳು ಸುಳ್ಳಲ್ಲ. ಆದರೆ ಅವುಗಳ ಗದ್ದಲದಲ್ಲಿ ಪಾತ್ರ ಹೊತ್ತಿರುವವರ ದನಿ ಅಡಗಿಹೋಗುತ್ತದೆ. ಮರದ ಬುಡದಲ್ಲಿ ಕೂತರೆ ಅದಕ್ಕೆ ನಿಮ್ಮ ಹುದ್ದೆ ಗೊತ್ತಿಲ್ಲ, ನಿಮ್ಮಿಂದ ಅದಕ್ಕೆ ಏನೂ ಆಗಬೇಕಾಗಿಲ್ಲ. ಒಂದೆರಡು ಗಂಟೆಯಲ್ಲೇ ಆ ಹಗುರ ಮೈಗೆ ಗೊತ್ತಾಗುತ್ತದೆ.

ಇದಕ್ಕೆ ವಿಜ್ಞಾನದ ಕಡೆಯಿಂದಲೂ ಒಂದಿಷ್ಟು ಬೆಂಬಲವಿದೆ. ಮಿಶಿಗನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ 1989ರಲ್ಲಿ ವಿವರವಾಗಿ ಮಂಡಿಸಿದ ವಿಚಾರ ಇದು: ಕಷ್ಟಪಟ್ಟು ಒಂದೇ ಕಡೆ ಹಿಡಿದಿಟ್ಟ ಗಮನ ದಣಿಯುತ್ತದೆ. ಎಲೆ ಅಲುಗುವುದು, ನೀರು ಹರಿಯುವುದು, ಮೋಡ ಸರಿಯುವುದು ಇಂಥವು ಗಮನವನ್ನು ಬಲವಂತವಿಲ್ಲದೆ ಸೆಳೆದುಕೊಂಡು ಅದಕ್ಕೆ ವಿಶ್ರಾಂತಿ ಕೊಡುತ್ತವೆ. 2015ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಗ್ರೆಗರಿ ಬ್ರಾಟ್‌ಮನ್ ಮತ್ತು ಜೊತೆಗಾರರು ನಡೆಸಿದ ಅಧ್ಯಯನದಲ್ಲಿ, 90 ನಿಮಿಷ ಹುಲ್ಲು ಮರಗಳ ನಡುವೆ ನಡೆದವರಿಗೆ ತಮ್ಮ ಬಗ್ಗೆಯೇ ಕೆಟ್ಟದನ್ನು ಮತ್ತೆ ಮತ್ತೆ ಮೆಲುಕು ಹಾಕುವ ಚಾಳಿ ಸ್ವಲ್ಪ ತಗ್ಗಿತ್ತು. ವಾಹನಗಳ ರಸ್ತೆ ಬದಿ ನಡೆದವರಲ್ಲಿ ಆ ಬದಲಾವಣೆ ಕಾಣಲಿಲ್ಲ. ಮೆಲುಕು ನಿಂತರೆ ಗುರಿ ತಾನಾಗಿ ಸಿಗುತ್ತದೆ ಅಂತಲ್ಲ. ತಲೆಯೊಳಗೆ ಒಂದಿಷ್ಟು ಜಾಗ ಖಾಲಿಯಾಗುತ್ತದೆ.

ಟ್ರೆಕಿಂಗ್‌ಗೂ ಇದಕ್ಕೂ ಏನು ವ್ಯತ್ಯಾಸ?

ಟ್ರೆಕಿಂಗ್‌ನಲ್ಲಿ ತುದಿ ಮುಟ್ಟಬೇಕು, ಇಲ್ಲಿ ನಿಲ್ಲಬೇಕು. ಜಪಾನಿನಲ್ಲಿ 'ಶಿನ್ರಿನ್-ಯೋಕು', ಅಂದರೆ ಕಾಡಿನ ಸ್ನಾನ, ಅನ್ನುತ್ತಾರೆ. ಅಲ್ಲಿನ ಅರಣ್ಯ ಇಲಾಖೆ 1982ರಲ್ಲಿ ಚಾಲ್ತಿಗೆ ತಂದ ಹೆಸರು ಅದು. ಮೈಮನಸ್ಸು ಸಡಿಲವಾಗಲು ಅದು ಒಳ್ಳೆಯದು, ಈ ಪಯಣಕ್ಕೆ ಒಳ್ಳೆಯ ಪೀಠಿಕೆಯೂ ಹೌದು. ಆದರೆ ಒಳಪಯಣಕ್ಕೆ ನೀವು ಒಂದು ಪ್ರಶ್ನೆ ಹೊತ್ತು ಹೋಗುತ್ತೀರಿ, ಅದು ನಿಮ್ಮನ್ನು ಅಲುಗಿಸಲಿ ಎಂದು ಕಾಯುತ್ತೀರಿ.

ಇದು ಈಚೆಗೆ ಹುಟ್ಟಿದ ಪದ್ಧತಿಯೇ?

ಅಲ್ಲ. ಬುದ್ಧನಿಗೆ ಅರಿವು ಮೂಡಿದ್ದು ಮರದ ಕೆಳಗೆ. ಈಜಿಪ್ಟಿನ ಸಂತ ಆಂಟನಿ ಮರುಭೂಮಿಯ ಪಾಳುಕೋಟೆಯೊಂದರಲ್ಲಿ ಸುಮಾರು 20 ವರ್ಷ ಒಬ್ಬರೇ ಇದ್ದರೆಂದು ಅವರ ಜೀವನಕತೆ ಹೇಳುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಅಕ್ಕ ಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ಗಿಳಿ, ಕೋಗಿಲೆ, ನವಿಲುಗಳನ್ನು ವಿಚಾರಿಸುತ್ತ ನಡೆದಳು. ಅದನ್ನು ನಾನು ಬಹಳ ಕಾಲ ಬರೀ ಕವಿತೆಯೆಂದು ಓದಿದೆ. ಮೂರು ದಿನ ಯಾರ ಜೊತೆಯೂ ಮಾತಿಲ್ಲದೆ ಇದ್ದ ಮೇಲೆ ಹಕ್ಕಿಯನ್ನು ಕೇಳುವುದು ಎಷ್ಟು ಸಹಜ ಅನ್ನುವುದು ತಿಳಿಯಿತು. ಉತ್ತರ ಅಮೆರಿಕದ ಲಕೋಟ ಜನರಲ್ಲಿ 'ಹಂಬ್ಲೆಚೆಯ' ಎಂಬ ಆಚರಣೆಯಿದೆ. ದರ್ಶನಕ್ಕಾಗಿ ಮೊರೆಯಿಡುವುದು ಎಂದು ಅದರ ಅರ್ಥ. ಹಿರಿಯರ ಮಾರ್ಗದರ್ಶನದಲ್ಲಿ ಬೆಟ್ಟದ ಮೇಲೆ ಒಬ್ಬಂಟಿಯಾಗಿ ಉಪವಾಸವಿದ್ದು ಮಾಡುವ ಪ್ರಾರ್ಥನೆ ಅದು.

ಇಂಥ ಆಚರಣೆಗಳನ್ನು ಹೋಲಿಸಿ ನೋಡಿದ ಆರ್ನಾಲ್ಡ್ ವಾನ್ ಗೆನೆಪ್ ಎಂಬ ವಿದ್ವಾಂಸ 1909ರಲ್ಲಿ ಅವಕ್ಕೆ ಮೂರು ಹಂತಗಳಿವೆ ಎಂದು ಗುರುತಿಸಿದ. ಇದ್ದ ಬದುಕಿನಿಂದ ಬಿಡಿಸಿಕೊಳ್ಳುವುದು, ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂಬಂತೆ ಹೊಸ್ತಿಲ ಮೇಲೆ ಇರುವುದು, ಮತ್ತೆ ಜನರ ನಡುವೆ ಸೇರಿಕೊಳ್ಳುವುದು. ಈ ಮೂರನೆಯದನ್ನು ಬಹಳ ಮಂದಿ ಮರೆತುಬಿಡುತ್ತಾರೆ. ಅದರ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ.

ಎಷ್ಟು ದಿನ ಬೇಕು?

ಮೊದಲು ವಾರಕ್ಕೆ ಎರಡು ಗಂಟೆ ಸಾಕು. 2019ರಲ್ಲಿ ಇಂಗ್ಲೆಂಡಿನ ಸುಮಾರು 20 ಸಾವಿರ ಜನರ ಮಾಹಿತಿ ನೋಡಿದ ಅಧ್ಯಯನವೊಂದು, ವಾರಕ್ಕೆ 120 ನಿಮಿಷವಾದರೂ ಪ್ರಕೃತಿಯಲ್ಲಿ ಕಳೆದವರು ತಾವು ಆರೋಗ್ಯವಾಗಿದ್ದೇವೆ, ನೆಮ್ಮದಿಯಾಗಿದ್ದೇವೆ ಎಂದು ಹೇಳುವುದು ಹೆಚ್ಚು ಎಂದು ಕಂಡುಕೊಂಡಿತು. ಒಂದೆರಡು ತಿಂಗಳು ಒಂದೇ ಜಾಗಕ್ಕೆ ಹೋಗಿ ಕೂತು ಅಭ್ಯಾಸವಾದ ಮೇಲೆ, ಬೆಳಗಿನಿಂದ ಸಂಜೆವರೆಗೆ ಒಂದು ಪೂರ್ತಿ ದಿನ. ಅದು ದಕ್ಕಿದ ಮೇಲೆ ಎರಡು ಮೂರು ರಾತ್ರಿ. ನೇರವಾಗಿ ಮೂರು ರಾತ್ರಿಗೆ ಹಾರಬೇಡಿ.

ಅಲ್ಲಿ ಹೋಗಿ ಮಾಡುವುದೇನು?

ಹೊರಡುವ ಮುಂಚೆ ನಿಮ್ಮ ಪ್ರಶ್ನೆಯನ್ನು ಒಂದೇ ಸಾಲಿನಲ್ಲಿ ಬರೆಯಿರಿ. 'ನನ್ನ ಜೀವನದ ಗುರಿಯೇನು' ಎಂದು ಬರೆದರೆ ಅದು ಬಹಳ ದೊಡ್ಡದು, ಹಿಡಿಗೆ ಸಿಗುವುದಿಲ್ಲ. 'ಯಾರನ್ನು ಮೆಚ್ಚಿಸಲು ಇಷ್ಟು ವರ್ಷ ಓಡಿದೆ?' 'ಯಾವುದನ್ನು ಬಿಟ್ಟುಬಿಡಲು ಹೆದರುತ್ತಿದ್ದೇನೆ?' ಇಂಥವು ಕೆಲಸ ಮಾಡುತ್ತವೆ.

ಜಾಗ ಸೇರಿದ ಮೇಲೆ ಒಂದು ಗಡಿ ಮಾಡಿಕೊಳ್ಳಿ. ಬಿದ್ದ ಕೊಂಬೆ ಅಡ್ಡ ಇಟ್ಟರೂ ಸಾಕು. ಅದನ್ನು ದಾಟಿದ ಕ್ಷಣದಿಂದ ಮಾತಿಲ್ಲ, ಓದಿಲ್ಲ. ಆಮೇಲೆ ಪ್ರಶ್ನೆಯನ್ನು ಪಕ್ಕಕ್ಕಿಡಿ. ಇದು ವಿಚಿತ್ರ ಅನ್ನಿಸುತ್ತದೆ, ಪ್ರಶ್ನೆ ಹೊತ್ತು ಬಂದವರಿಗೆ ಅದನ್ನು ಇಳಿಸು ಅನ್ನುವುದು. ಆದರೆ ಅದನ್ನೇ ಕೆದಕುತ್ತ ಕೂತರೆ ಮನೆಯಲ್ಲಿ ಮಾಡುವ ಯೋಚನೆಯನ್ನೇ ಮರದ ಕೆಳಗೆ ಮಾಡಿದ ಹಾಗೆ. ಹತ್ತಿರದ್ದನ್ನು ನೋಡಿ. ಯಾವ ಕಡೆಯಿಂದ ಗಾಳಿ, ಯಾವ ಹಕ್ಕಿ ಮೊದಲು ಕೂಗಿತು, ನೆರಳು ಎಷ್ಟು ಸರಿಯಿತು. ಹೀಗೆ ನೋಡುವಾಗ ನಿಮ್ಮ ಗಮನ ಯಾವುದೋ ಒಂದರ ಬಳಿ ಹೋಗಿ ನಿಲ್ಲುತ್ತದೆ. ಅಲ್ಲೇ ಇರಿ, ಅದು ಯಾಕೆ ಎಂದು ಆಮೇಲೆ ಕೇಳಿಕೊಳ್ಳಿ. ನೋಟ್‌ಬುಕ್ ಇರಲಿ, ಆದರೆ ಸೂರ್ಯ ಇಳಿದ ಮೇಲೆ ಮಾತ್ರ ಬರೆಯಿರಿ.

ಮೊಬೈಲ್?

ಆಫ್ ಮಾಡಿ ಚೀಲದ ತಳದಲ್ಲಿಡಿ, ತುರ್ತಿಗೆ ಮಾತ್ರ. ಫೋಟೋ ಬೇಡ. ಫೋಟೋ ತೆಗೆದ ಕ್ಷಣ ಅದನ್ನು ನೋಡುವವರು ನಿಮ್ಮ ಪಕ್ಕ ಬಂದು ಕೂತಂತೆಯೇ.

ನಾನು ಹೋಗಿದ್ದೆ, ಏನೂ ಆಗಲಿಲ್ಲ. ಬರೀ ಬೇಸರ. ನನ್ನಲ್ಲೇ ಏನಾದರೂ ಕೊರತೆಯೇ?

ಬೇಸರ ಬಂತೆಂದರೆ ಸರಿಯಾದ ದಾರಿಯಲ್ಲಿದ್ದೀರಿ. ಎಷ್ಟೋ ವರ್ಷದಿಂದ ನಾವು ಬೇಸರವನ್ನು ಬಾಗಿಲಲ್ಲೇ ಓಡಿಸುತ್ತ ಬಂದಿರುತ್ತೇವೆ. ಅದರ ಹಿಂದೆ ಯಾರು ನಿಂತಿದ್ದಾರೆ ಅಂತ ನೋಡಿಯೇ ಇರುವುದಿಲ್ಲ.

ನನ್ನ ಮೊದಲ ಮೂರು ದಿನದ ಏಕಾಂತದ ಎರಡನೆಯ ಮಧ್ಯಾಹ್ನದ ಮಾತು. ಬಂಡೆಯ ಮೇಲೆ ಕೂತು ಗಡಿಯಾರವಿಲ್ಲದ ಮುಂಗೈಯನ್ನೇ ಮತ್ತೆ ಮತ್ತೆ ನೋಡಿಕೊಳ್ಳುತ್ತಿದ್ದೆ. ಬಂಡೆಯಲ್ಲಿ ಬೆರಳಗಲದ ಬಿರುಕು. ಒಂದು ಗೊದ್ದ ಸತ್ತ ಮಿಡತೆಯ ಕಾಲನ್ನು ಎಳೆದುಕೊಂಡು ಅಲ್ಲಿಗೆ ಬಂತು. ಕಾಲು ಗೊದ್ದಕ್ಕಿಂತ ಎರಡು ಪಟ್ಟು ಉದ್ದ, ಗರಗಸದ ಹಲ್ಲಿನಂಥ ಮುಳ್ಳುಗಳು ಬಂಡೆಯ ಒರಟಿಗೆ ಸಿಕ್ಕಿಕೊಳ್ಳುತ್ತಿದ್ದವು. ಗೊದ್ದ ಬಿರುಕಿನ ಅಂಚಿಗೆ ಬಂದು, ಹಿಂದೆ ಸರಿದು, ಕಾಲನ್ನು ಬಿಟ್ಟು ಅಂಚಿನುದ್ದಕ್ಕೂ ಓಡಾಡಿ, ಮತ್ತೆ ಬಂದು ಹಿಡಿಯುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಒಂದು ಒಣಕಡ್ಡಿ ತಂದು ಬಿರುಕಿನ ಮೇಲೆ ಸೇತುವೆ ಮಾಡಿದೆ. ಗೊದ್ದ ಗಾಬರಿಯಾಗಿ ಕಾಲನ್ನು ಅಲ್ಲೇ ಬಿಟ್ಟು ಮಾಯವಾಯಿತು. ಬಹಳ ಹೊತ್ತಿನ ಮೇಲೆ ಬಂತು, ನನ್ನ ಸೇತುವೆಯನ್ನು ಮೂಸಿಯೂ ನೋಡದೆ ಕಾಲನ್ನು ಎಳೆದುಕೊಂಡು ತಾನು ಬಂದ ಕಡೆಗೇ ಹೊರಟಿತು. ಅದಕ್ಕೆ ಆ ಬಿರುಕನ್ನು ದಾಟಬೇಕಾಗಿಯೇ ಇರಲಿಲ್ಲವೋ ಏನೋ.

ನಾನು ಆ ಕಡ್ಡಿಯನ್ನೇ ನೋಡುತ್ತ ಕೂತೆ. ಇದ್ದಕ್ಕಿದ್ದಂತೆ ಅಪ್ಪ ನೆನಪಾದರು. ಅವರ ಕಣ್ಣು ಮಂಜಾಗುತ್ತ ಬಂದ ಎರಡು ವರ್ಷ ನಾನು ಅವರನ್ನು ಒಬ್ಬ ವೈದ್ಯರಿಂದ ಇನ್ನೊಬ್ಬರ ಬಳಿಗೆ ಕರೆದೊಯ್ದಿದ್ದೆ, ದೊಡ್ಡ ಅಕ್ಷರದ ಫೋನ್ ತಂದುಕೊಟ್ಟಿದ್ದೆ, ಬೈದಿದ್ದೆ. ಅವರಿಗೇನು ಬೇಕು ಎಂದು ಒಮ್ಮೆಯೂ ಕೇಳಿರಲಿಲ್ಲ. ಎಲ್ಲವೂ ನನ್ನ ಒಣಕಡ್ಡಿಯ ಸೇತುವೆಗಳೇ. ಅಳು ಬಂತು, ಕತ್ತಲಾಗುವವರೆಗೆ ನಿಲ್ಲಲಿಲ್ಲ.

ಆಕಾಶವಾಣಿ ಕೇಳಿಸಲಿಲ್ಲ, ಬೆಳಕು ಕಾಣಿಸಲಿಲ್ಲ. ಯಾರಾದರೂ ಅಂದು ಸಂಜೆ 'ಗುರಿ ಸಿಕ್ಕಿತೇ?' ಎಂದು ಕೇಳಿದ್ದರೆ ಇಲ್ಲ ಅನ್ನುತ್ತಿದ್ದೆ.

ರಾತ್ರಿ ಹೆದರಿಕೆಯಾದರೆ?

ಆಗುತ್ತದೆ. ತರಗೆಲೆಯ ಮೇಲೆ ಇಲಿ ಓಡಿದರೂ ಕತ್ತಲಲ್ಲಿ ಅದು ಆನೆಯ ಸದ್ದು. ಎದ್ದು ಕೂತು, ಉಸಿರು ಬಿಡುವುದನ್ನು ನಿಧಾನ ಮಾಡಿ, ಕೇಳಿದ ಸದ್ದುಗಳನ್ನು ಒಂದೊಂದಾಗಿ ಎಣಿಸಿ. ಏಳೆಂಟು ಎಣಿಸುವಷ್ಟರಲ್ಲಿ ಹೆದರಿಕೆ ಕುತೂಹಲವಾಗಿ ತಿರುಗುವುದನ್ನು ಬಹಳ ಮಂದಿಯಲ್ಲಿ ನೋಡಿದ್ದೇನೆ. ತಿರುಗದಿದ್ದರೆ ಎದ್ದು ಬನ್ನಿ. ಅರ್ಧರಾತ್ರಿ ಕಾವಲಿನ ಜಾಗಕ್ಕೆ ವಾಪಸಾದವರನ್ನು ಸೋತವರೆಂದು ನಾನು ಎಂದೂ ಎಣಿಸಿಲ್ಲ. ಕಾಡುಪ್ರಾಣಿಗಳ ಅಪಾಯ ನಿಜವಾಗಿಯೂ ಇರುವ ಕಡೆ ರಾತ್ರಿ ಒಬ್ಬರೇ ಇರಲೇಬೇಡಿ, ಅಲ್ಲಿ ಹೆದರಿಕೆಯೇ ಸರಿಯಾದ ಸಲಹೆಗಾರ.

ದೇವರನ್ನು ನಂಬದವರಿಗೂ ಇದು ಆಗುತ್ತದೆಯೇ?

ಆಗುತ್ತದೆ. ನಂಬುವವರು ಅಲ್ಲಿ ದೇವರ ಸನ್ನಿಧಿ ಅನ್ನುತ್ತಾರೆ. ನಂಬದವರು ತಾನು ಒಂದು ದೊಡ್ಡದರ ಸಣ್ಣ ಪಾಲು ಎಂದು ಅನ್ನಿಸಿತು ಅನ್ನುತ್ತಾರೆ. ಇಬ್ಬರ ಮುಖದ ಮೇಲೂ ಅದೇ ಶಾಂತಿಯನ್ನು ನಾನು ನೋಡಿದ್ದೇನೆ.

ಉಪವಾಸ ಮಾಡಲೇಬೇಕೇ?

ಬೇಕಿಲ್ಲ. ಉಪವಾಸವಿದ್ದರೆ ಅಡುಗೆ, ಊಟ, ಹೊತ್ತಿನ ಲೆಕ್ಕ ಎಲ್ಲ ತಪ್ಪಿ ದಿನ ಉದ್ದವಾಗುತ್ತದೆ, ಮನಸ್ಸು ತೆಳುವಾಗುತ್ತದೆ, ಅದು ನಿಜ. ಆದರೆ ಸಕ್ಕರೆ ಕಾಯಿಲೆ ಇರುವವರು, ಬಸುರಿಯರು, ಬಾಣಂತಿಯರು, ದಿನವೂ ಮಾತ್ರೆ ನುಂಗುವವರು, ಊಟದ ವಿಷಯದಲ್ಲಿ ಮೊದಲೇ ಮಾನಸಿಕ ತೊಂದರೆ ಅನುಭವಿಸಿದವರು ವೈದ್ಯರನ್ನು ಕೇಳದೆ ಒಂದು ಹೊತ್ತೂ ಬಿಡಬಾರದು. ಸರಳವಾದ, ಬೆಂಕಿ ಬೇಡದ ಆಹಾರ ಒಯ್ದವರಿಗೆ ಏನೂ ಕಡಿಮೆ ಸಿಕ್ಕಿದ್ದನ್ನು ನಾನು ಕಂಡಿಲ್ಲ. ನೀರಿನ ವಿಷಯದಲ್ಲಿ ಮಾತ್ರ ವ್ರತ ಬೇಡ. ದಿನಕ್ಕೆ ಮೂರು ನಾಲ್ಕು ಲೀಟರ್ ಜೊತೆಗಿರಲಿ, ಬಿಸಿಲಿದ್ದರೆ ಇನ್ನೂ ಹೆಚ್ಚು.

ಯಾರು ಹೋಗಬಾರದು?

ಈಗಷ್ಟೇ ಹತ್ತಿರದವರನ್ನು ಕಳೆದುಕೊಂಡು ನಿದ್ದೆಯಿಲ್ಲದೆ ಇರುವವರು, ಗಾಢ ಖಿನ್ನತೆಯಲ್ಲಿರುವವರು, ಇಲ್ಲದ ದನಿಗಳು ಕೇಳಿಸುವವರು, ಸಾಯುವ ಯೋಚನೆ ಬರುತ್ತಿರುವವರು ಏಕಾಂತಕ್ಕೆ ಹೋಗಬಾರದು. ಅವರಿಗೆ ಬೇಕಿರುವುದು ಜನ, ಔಷಧ, ಆರೈಕೆ. ಇದನ್ನು ನಾನು ಕೈಮುಗಿದು ಹೇಳುತ್ತೇನೆ. ಮೌನ ಎಲ್ಲ ಗಾಯಕ್ಕೂ ಮದ್ದಲ್ಲ. ಕೆಲವು ಗಾಯ ಮೌನದಲ್ಲಿ ಇನ್ನಷ್ಟು ಬಿರಿಯುತ್ತವೆ. ಗುಣವಾದ ಮೇಲೆ ಬನ್ನಿ, ಮರಗಳು ಎಲ್ಲಿಗೂ ಹೋಗುವುದಿಲ್ಲ.

ಸುರಕ್ಷತೆಗೆ ಏನೇನು ನೋಡಿಕೊಳ್ಳಬೇಕು?

ಎಲ್ಲಿ ಕೂರುತ್ತೀರಿ, ಯಾವಾಗ ವಾಪಸ್ಸು ಎನ್ನುವುದು ನಂಬುಗೆಯ ಒಬ್ಬರಿಗಾದರೂ ಗೊತ್ತಿರಬೇಕು. ಹೇಳಿದ ಹೊತ್ತಿಗೆ ಬರದಿದ್ದರೆ ಹುಡುಕಲು ಹೊರಡಬೇಕೆಂದು ಅವರಿಗೆ ಮೊದಲೇ ತಿಳಿಸಿರಿ. ನಾವು ಕಾವಲಿರುವಾಗ ಒಂದು ಉಪಾಯ ಮಾಡುತ್ತೇವೆ. ನಡುವೆ ಒಂದು ಗುರುತಿನ ಕಲ್ಲು ಇರುತ್ತದೆ, ಕೂತವರು ದಿನಕ್ಕೊಮ್ಮೆ ಬಂದು ಅದರ ಮೇಲೆ ಒಂದು ಹರಳು ಇಟ್ಟು ಹೋಗಬೇಕು. ಇನ್ನೊಂದು ಹೊತ್ತಿನಲ್ಲಿ ಕಾವಲಿನವರು ಬಂದು ನೋಡುತ್ತಾರೆ. ಮುಖ ನೋಡುವುದಿಲ್ಲ, ಮಾತಿಲ್ಲ, ಆದರೆ ಕ್ಷೇಮ ತಿಳಿಯುತ್ತದೆ. ಹರಳು ಇರದಿದ್ದರೆ ಮೌನ ಮುರಿದು ಹೋಗಿ ನೋಡುತ್ತೇವೆ.

ಉಳಿದಂತೆ ಮಳೆಗೆ ಹೊದಿಕೆ, ರಾತ್ರಿಗೆ ಬೆಚ್ಚನೆಯ ಒಂದು ಪದರ ಹೆಚ್ಚು, ಟಾರ್ಚು, ಸೀಟಿ, ಪ್ರಥಮ ಚಿಕಿತ್ಸೆಯ ಸಾಮಾನು. ಒದ್ದೆ ಬಟ್ಟೆ ಮತ್ತು ಗಾಳಿ ಸೇರಿದರೆ ಅಷ್ಟೇನೂ ಚಳಿಯಿಲ್ಲದ ದಿನವೂ ಮೈ ಅಪಾಯಕ್ಕೆ ಸಿಗುವಷ್ಟು ತಣ್ಣಗಾಗುತ್ತದೆ. ಕಾಡಿನೊಳಗೆ ಇರಲು ಅನುಮತಿ ಬೇಕಿದ್ದರೆ ಪಡೆದೇ ಹೋಗಿ.

ಗುರು ಬೇಕೇ? ಶಿಬಿರಗಳನ್ನು ನಂಬಬಹುದೇ?

ರಾತ್ರಿ ತಂಗುವ ಏಕಾಂತಕ್ಕೆ ಮೊದಲ ಸಲ ಅನುಭವವಿದ್ದವರು ಜೊತೆಗಿರಲೇಬೇಕು. ಅವರು ಉತ್ತರ ಕೊಡುವವರಲ್ಲ, ಕಾವಲು ಕಾಯುವವರು, ವಾಪಸ್ಸು ಬಂದಾಗ ತಾಳ್ಮೆಯಿಂದ ಕೇಳುವವರು. ನಿಮ್ಮ ಕನಸಿಗೆ ತಾವೇ ಅರ್ಥ ಹೇಳುವವರು, ನಡುವೆ ಎದ್ದು ಹೋಗಲು ಬಿಡದವರು, ದುಡ್ಡು ಹೆಚ್ಚಾದಷ್ಟೂ ಅನುಭವ ಆಳ ಎನ್ನುವವರು ಇವರಿಂದ ದೂರವಿರಿ.

2009ರಲ್ಲಿ ಅಮೆರಿಕದ ಅರಿಜೋನಾದಲ್ಲಿ ನಡೆದ ಶಿಬಿರವೊಂದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಮರುಭೂಮಿಯಲ್ಲಿ 36 ಗಂಟೆ ಅನ್ನ ನೀರಿಲ್ಲದೆ ಒಬ್ಬೊಬ್ಬರೇ ಕೂತು ಬಂದವರನ್ನು, ಕಾದ ಕಲ್ಲಿನ ಹಬೆ ತುಂಬಿದ ಗುಡಾರದೊಳಗೆ ಕೂರಿಸಿದರು. ಮೂವರು ಸತ್ತರು. ನಡೆಸಿದಾತ ಅಪರಾಧಿಯೆಂದು 2011ರಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿತು. ಬಂದವರೆಲ್ಲ ನಿಮ್ಮ ನನ್ನ ಹಾಗೆ ಬದುಕಿಗೆ ಅರ್ಥ ಹುಡುಕಿ ಬಂದವರು.

ಇನ್ನೊಂದು ಮಾತು. ಬೇರೊಂದು ಜನರ ಪವಿತ್ರ ಆಚರಣೆಯನ್ನು ಎತ್ತಿಕೊಂಡು ಬಂದು ಮಾರುವುದು ತಪ್ಪು. ಲಕೋಟ ಜನ 1993ರಲ್ಲಿ ಒಂದು ಘೋಷಣೆಯನ್ನೇ ಹೊರಡಿಸಿ ಇಂಥ ವ್ಯಾಪಾರವನ್ನು ಖಂಡಿಸಿದರು. ಅವರ ವೇಷ, ಅವರ ಹಾಡು, ಅವರ ಹೆಸರು ನಮಗೆ ಬೇಡ. ಮರದ ಕೆಳಗೆ ಸುಮ್ಮನೆ ಕೂರಲು ಯಾರ ವೇಷವೂ ಬೇಕಾಗಿಲ್ಲ.

ಕಾಡಿಗೆ ಹೋಗುವ ಶಕ್ತಿಯಾಗಲೀ ಬಿಡುವಾಗಲೀ ಇಲ್ಲದವರು?

ಒಂದು ಮರ ಸಾಕು. ರಾಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆಗಳನ್ನು ಹೋಲಿಸಿದರು. ಅರ್ಧದಷ್ಟು ಜನರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಉಳಿದವರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ಅವರಿಗೆ ಬಲವಾದ ನೋವಿನ ಮದ್ದೂ ಕಡಿಮೆ ಬೇಕಾಯಿತು. ಹಾಸಿಗೆ ಬಿಟ್ಟು ಏಳಲಾಗದವರಿಗೆ ಕಿಟಕಿಯೇ ಏಕಾಂತದ ಜಾಗವಾಗಬಹುದು. ದಿನವೂ ಅದೇ ಹೊತ್ತು, ಅದೇ ಕೊಂಬೆ.

ಅಲ್ಲಿ ಅನ್ನಿಸಿದ್ದು ನಿಜವೋ, ಬರೀ ಭ್ರಮೆಯೋ? ಹೇಗೆ ತಿಳಿಯುವುದು?

ಬಹಳ ಮುಖ್ಯವಾದ ಪ್ರಶ್ನೆ. ಹಸಿವು, ನಿದ್ದೆಗೇಡು, ಒಂಟಿತನ ಸೇರಿದಾಗ ಮನಸ್ಸು ಏನು ಬೇಕಾದರೂ ಹೇಳುತ್ತದೆ. 'ಕೆಲಸ ಬಿಡು, ಸಂಸಾರ ಬಿಡು, ನೀನು ಲೋಕೋದ್ಧಾರಕ್ಕೆ ಹುಟ್ಟಿದವನು' ಎಂದು ಅನ್ನಿಸಿದರೆ ನಾನು ಅದನ್ನು ಸಂಶಯದಿಂದಲೇ ನೋಡುತ್ತೇನೆ. ನನ್ನನ್ನು ಉಬ್ಬಿಸುವ ದರ್ಶನ ಸಾಮಾನ್ಯವಾಗಿ ನನ್ನದೇ ಆಸೆಯ ಪ್ರತಿಧ್ವನಿ. ನಿಜವಾದದ್ದು ಸಣ್ಣದಾಗಿರುತ್ತದೆ, ಸ್ವಲ್ಪ ನಾಚಿಕೆ ತರುತ್ತದೆ, ಬಹಳ ಸಲ ಯಾರದೋ ಮುಖದ ರೂಪದಲ್ಲಿ ಬರುತ್ತದೆ. ಊಟ ಮಾಡಿ, ಹೊಟ್ಟೆ ತುಂಬಿ, ಚೆನ್ನಾಗಿ ನಿದ್ದೆ ಮಾಡಿ ಎದ್ದ ಮೇಲೂ ಅದು ಹಾಗೇ ಇದೆಯೇ ನೋಡಿ. ಮೂರು ತಿಂಗಳು ಯಾವ ದೊಡ್ಡ ತೀರ್ಮಾನವನ್ನೂ ಮಾಡಬೇಡಿ. ರಾಜೀನಾಮೆ, ಮದುವೆ, ವಿಚ್ಛೇದನ, ಸನ್ಯಾಸ ಯಾವುದೂ ಬೇಡ. ಆ ಮೂರು ತಿಂಗಳಲ್ಲಿ ಅದೇ ದಿಕ್ಕಿನ ಒಂದು ಸಣ್ಣ ಕೆಲಸ ಮಾತ್ರ ಮಾಡಿ ನೋಡಿ.

ಹಿಂತಿರುಗಿದ ಮೇಲೆ ಏನು ಮಾಡಬೇಕು?

ಮೊದಲ ಎರಡು ದಿನ ನಿಧಾನವಾಗಿರಿ. ಬೆಳಕು ಚುಚ್ಚುತ್ತದೆ, ಮಾತು ಭಾರವೆನ್ನಿಸುತ್ತದೆ. ಕಂಡದ್ದನ್ನೆಲ್ಲ ಸಿಕ್ಕಿಸಿಕ್ಕಿದವರಿಗೆ ಹೇಳಬೇಡಿ. ಹೇಳಿ ಹೇಳಿ ಅದು ಕತೆಯಾಗಿ ಸವೆದುಹೋಗುತ್ತದೆ. ನಡುವೆ ಬಾಯಿ ಹಾಕದೆ ಕೇಳುವ ಒಬ್ಬರಿಗೆ, ಪೂರ್ತಿಯಾಗಿ, ಒಮ್ಮೆ ಹೇಳಿ. ಆಮೇಲೆ ಕೆಲಸಕ್ಕೆ ಇಳಿಯಿರಿ.

ನಾನು ವಾಪಸ್ಸು ಬಂದ ಮೂರನೆಯ ದಿನ ಅಪ್ಪನ ಪಕ್ಕ ಕೂತು ಕೇಳಿದೆ, 'ನಿಮಗೆ ಏನು ಬೇಕು ಅಪ್ಪ?' ಅವರು ಬಹಳ ಹೊತ್ತು ಸುಮ್ಮನಿದ್ದರು. 'ಪೇಪರ್ ಓದಿ ಎಷ್ಟು ದಿನ ಆಯ್ತೋ' ಅಂದರು. ಅಂದಿನಿಂದ ಅವರು ತೀರಿಕೊಳ್ಳುವವರೆಗೆ ದಿನವೂ ಬೆಳಿಗ್ಗೆ ಗಟ್ಟಿಯಾಗಿ ಪೇಪರ್ ಓದಿದೆ. ಮೊದಲ ವಾರದಲ್ಲೇ ಗೊತ್ತಾಯಿತು, ಆ ಮುಕ್ಕಾಲು ಗಂಟೆಯಲ್ಲಿ ನಾನು ಗಡಿಯಾರ ನೋಡುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಪಾಠ ಓದಲು ಎಲ್ಲರಿಗಿಂತ ಮೊದಲು ಎದ್ದು ನಿಲ್ಲುತ್ತಿದ್ದವನು ನಾನು, ಅದನ್ನೇ ಮರೆತಿದ್ದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ನನ್ನ ಪಾಡು. ಈಗ ಕಣ್ಣು ಕಾಣದ ನಾಲ್ವರು ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕ ಓದಿ ರೆಕಾರ್ಡ್ ಮಾಡಿ ಕೊಡುತ್ತೇನೆ. ನೌಕರಿಯೂ ಇದೆ, ಅದು ಮನೆ ನಡೆಸುತ್ತದೆ. ಎರಡರ ನಡುವೆ ಜಗಳವಿಲ್ಲ.

ನಿಮ್ಮದು ಇದಕ್ಕಿಂತ ದೊಡ್ಡದಿರಬಹುದು, ಚಿಕ್ಕದೂ ಇರಬಹುದು. ಬಂದ ವಾರದೊಳಗೆ ಅದಕ್ಕೆ ಸಂಬಂಧಿಸಿದ ಒಂದು ಕೆಲಸ ಕೈಯಾರೆ ಮಾಡಿ. ಒಂದು ಫೋನು, ಒಂದು ಕ್ಷಮೆ, ಒಂದು ಗಂಟೆ.

ಮತ್ತೆ ಹೋಗಬೇಕೇ? ಒಮ್ಮೆ ಸಿಕ್ಕ ಗುರಿ ಮುಂದೆ ಬದಲಾಗುತ್ತದೆಯೇ?

ಬದಲಾಗಬಹುದು. ಮೂವತ್ತರಲ್ಲಿ ಬದುಕು ಕೇಳುವ ಪ್ರಶ್ನೆ ಅರವತ್ತರಲ್ಲಿ ಕೇಳುವ ಪ್ರಶ್ನೆಯಲ್ಲ. ನಾನು ವರ್ಷಕ್ಕೊಮ್ಮೆ ಅದೇ ಬಂಡೆಗೆ ಹೋಗುತ್ತೇನೆ. ಹೋದ ಸಲ ಹೋದಾಗ ಆ ಬಿರುಕಿನಲ್ಲಿ ಮಣ್ಣು ತುಂಬಿ, ಹೆಸರು ಗೊತ್ತಿಲ್ಲದ ಒಂದು ಹುಲ್ಲು ಬೆಳೆದಿತ್ತು. ಗೊದ್ದಗಳು ಅದರ ಮೇಲೇ ಹತ್ತಿ ದಾಟುತ್ತಿದ್ದವು.